ಹಸಿರು ನೆಟ್ಟು, ಆಷಾಢದ ಗಾಳಿ

ನನ್ನದು ಸ್ಯಾಂಡ್ ಬ್ಲಾಸ್ಟಿಂಗ್ ಕೆಲಸ, ಅಂದರೆ ಗಾಳಿಯ ಒತ್ತಡದಲ್ಲಿ ಮರಳು ಊದಿ ಮೇಲ್ಮೈ ಕೆರೆಯುವುದು. ಪೀಣ್ಯದಲ್ಲಿ ಚಿಕ್ಕದೊಂದು ಶೆಡ್ಡಿದೆ. ಗೇಟು, ಗ್ರಿಲ್ಲು, ಹಳೇ ಮಷೀನಿನ ಬಾಡಿ ಬರುತ್ತವೆ. ತುಕ್ಕು, ಹಳೇ ಪೇಂಟು ಹಾರಿಸಿ ಪ್ರೈಮರ್ ಹೊಡೆದು ಕಳಿಸುತ್ತೇವೆ. ಬ್ಲಾಸ್ಟ್ ಮಾಡುವುದು ಮುಚ್ಚಿದ ರೂಮಿನಲ್ಲಿ. ಧೂಳು ಎಳೆಯಲು ಫ್ಯಾನು, ಅದರ ಹಿಂದೆ ಬಟ್ಟೆಯ ಫಿಲ್ಟರು. ಬಾಗಿಲು ಹಾಕಿಕೊಂಡರೆ ಆಯಿತು, ಪಕ್ಕದ ಶೆಡ್ಡಿನವರು ಏನಾಗುತ್ತಿದೆ ಎಂದು ಇಣುಕಿಯೂ ನೋಡುವುದಿಲ್ಲ. ಹಾಗಾಗಿ ಧೂಳಿನ ವಿಷಯದಲ್ಲಿ ನಾನು ಪಳಗಿದವನು ಎಂದೇ ಅಂದುಕೊಂಡಿದ್ದೆ.

ಕೆಲವು ವರ್ಷದ ಹಿಂದೆ ರಾಜರಾಜೇಶ್ವರಿ ನಗರದ ಕಡೆಯಿಂದ ಒಬ್ಬ ಮೇಸ್ತ್ರಿ ಫೋನ್ ಮಾಡಿದರು. ಹೊಸ ಮನೆ, ಮೂವತ್ತು-ನಲವತ್ತರ ಸೈಟು. ಗೇಟಿನಿಂದ ಪೋರ್ಟಿಕೋವರೆಗಿನ ರ‍್ಯಾಂಪಿಗೆ ಪಾಲಿಶ್ ಮಾಡಿದ ಗ್ರಾನೈಟು ಹಾಸಿಬಿಟ್ಟಿದ್ದರು. ನೋಡಲು ಕನ್ನಡಿ. ಮೊದಲ ಮಳೆಗೇ ಮನೆ ಯಜಮಾನರ ಸ್ಕೂಟರು ಆ ಕನ್ನಡಿಯ ಮೇಲೆ ಜಾರಿ ಗೇಟಿಗೆ ಗುದ್ದಿತ್ತು. ಕಲ್ಲು ಕಿತ್ತು ಬೇರೆ ಹಾಕಲು ದುಡ್ಡೂ ಇಲ್ಲ, ಟೈಮೂ ಇಲ್ಲ. ಇದ್ದಲ್ಲೇ ಬ್ಲಾಸ್ಟ್ ಮಾಡಿ ಮೇಲ್ಮೈ ಒರಟು ಮಾಡಿಕೊಡಿ ಎಂದರು. ತಿಂಗಳು ಆಷಾಢ. ಬೆಂಗಳೂರಲ್ಲಿ ಮನೆ ಫಿನಿಶಿಂಗ್ ಕೆಲಸ ಮಾಡುವವರಿಗೆಲ್ಲ ಇದರ ಅರ್ಥ ಗೊತ್ತು: ಆಷಾಢದಲ್ಲಿ ಗೃಹಪ್ರವೇಶ ಮಾಡುವುದಿಲ್ಲ, ಶ್ರಾವಣ ಬಂದ ತಕ್ಷಣ ಎಲ್ಲರಿಗೂ ಮುಹೂರ್ತ ಬೇಕು. ಹಾಗಾಗಿ ಕಟ್ಟಿಂಗು, ಗ್ರೈಂಡಿಂಗು, ಬ್ಲಾಸ್ಟಿಂಗು ಅಂತ ಧೂಳೆಬ್ಬಿಸುವ ಕೆಲಸವೆಲ್ಲ ವರ್ಷದಲ್ಲೇ ಹೆಚ್ಚು ಗಾಳಿ ಬೀಸುವ ತಿಂಗಳಲ್ಲಿ ಬಂದು ಬೀಳುತ್ತದೆ. ಪಂಚಾಂಗ ಬರೆದವರಿಗೆ ನಮ್ಮ ಕಸುಬಿನ ಬಗ್ಗೆ ಕನಿಕರ ಇರಲಿಲ್ಲ ಅನ್ನಿಸುತ್ತದೆ.

ಹುಡುಗರನ್ನು ಕರೆದುಕೊಂಡು ಹೋದೆ. ಡೀಸೆಲ್ ಕಂಪ್ರೆಸರ್ ರಸ್ತೆಯಲ್ಲಿ ನಿಲ್ಲಿಸಿದೆವು. ಜರಡಿ ಹಿಡಿದು ಒಣಗಿಸಿದ ಮರಳು ಮೂಟೆಗಟ್ಟಲೆ ತಂದಿದ್ದೆವು. ಸುತ್ತ ಕಂಬ ನಿಲ್ಲಿಸಿ ಹಸಿರು ಬಲೆಯ ನೆಟ್ಟು ಕಟ್ಟಿದೆವು. ಕಟ್ಟಡದ ಕೆಲಸ ನಡೆಯುವ ಕಡೆಯೆಲ್ಲ ಕಾಣುತ್ತದಲ್ಲ, ಅದೇ ನೆಟ್ಟು. ಕಟ್ಟಿದ ಮೇಲೆ ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿ, ಪರವಾಗಿಲ್ಲ, ಅಚ್ಚುಕಟ್ಟಾಗಿದೆ ಅಂದುಕೊಂಡಿದ್ದೂ ನೆನಪಿದೆ.

ಮರಳು ಊದುವ ಪೈಪಿನ ಮೂತಿ, ಅಂದರೆ ನಾಝಲ್ ತೆರೆದು ಹತ್ತು ನಿಮಿಷ ಆಗಿರಬೇಕು. ನೆಟ್ಟಿನ ಈಚೆಗಿಂತ ಆಚೆಗೇ ಧೂಳು ದಟ್ಟವಾಗಿತ್ತು. ಗಾಳಿ ಪಶ್ಚಿಮದಿಂದ ಬೀಸುತ್ತಿತ್ತು, ನಮ್ಮ ಮೋಡ ನೇರ ಪೂರ್ವದ ಮನೆಯ ಮೇಲೆ ಹೋಗಿ ಕೂತಿತು. ಎರಡು ಮನೆಯ ನಡುವೆ ಇದ್ದದ್ದು ಮೂರಡಿ ಜಾಗ. ಕಂಪ್ರೆಸರ್ ಸದ್ದಿನಲ್ಲಿ ಯಾರು ಕೂಗಿದರೂ ನಮಗೆ ಕೇಳಿಸುವಂತಿರಲಿಲ್ಲ. ಕೊನೆಗೆ ಒಬ್ಬ ಹಿರಿಯರು ಲುಂಗಿ ಎತ್ತಿಕಟ್ಟಿಕೊಂಡು ಬಂದವರೇ ಕಂಪ್ರೆಸರಿನ ಮುಂದೆ ನಿಂತು ಎರಡೂ ಕೈ ಎತ್ತಿದರು.

ಆಫ್ ಮಾಡಿದೆ.

"ಏನಪ್ಪಾ, ಮನೆ ಕಟ್ತಾ ಇದ್ದೀರೋ ಕ್ವಾರಿ ನಡೆಸ್ತಾ ಇದ್ದೀರೋ?"

"ಸಾರ್, ಇನ್ನೊಂದು ಗಂಟೆ ಅಷ್ಟೇ, ಆಮೇಲೆ ಎಲ್ಲಾ ನೀರು ಹಾಕಿ ತೊಳೆದುಕೊಡ್ತೀವಿ…"

"ಏನ್ ತೊಳೀತೀಯಾ? ಬಾ ಇಲ್ಲಿ."

ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ತುಳಸಿ ಕಟ್ಟೆಯ ಮೇಲೆ ರಂಗೋಲಿ ಪುಡಿ ಜರಡಿ ಹಿಡಿದ ಹಾಗಿತ್ತು. ಒಂದೊಂದು ಎಲೆಯೂ ಬೂದಿ ಬಣ್ಣ. ಬೆಳಿಗ್ಗೆ ಹಚ್ಚಿದ ಅರಿಶಿನ ಕುಂಕುಮ ಎಲ್ಲಿದೆ ಎಂದು ಹುಡುಕಬೇಕಿತ್ತು. ಬೆರಳು ನೀರಲ್ಲಿ ಅದ್ದಿ ಒಂದು ಎಲೆ ಒರೆಸಲು ಹೋದೆ, ಧೂಳು ಹೋಗಲಿಲ್ಲ, ಸಿಮೆಂಟ್ ಪೇಸ್ಟಿನಂತೆ ಎಲೆಗೇ ಮೆತ್ತಿಕೊಂಡಿತು. ತಾರಸಿ ಮೇಲೆ ಒಗೆದು ಹಾಕಿದ ಬಟ್ಟೆ, ಸೋಲಾರ್ ಹೀಟರಿನ ಗಾಜು, ಸಂಪಿನ ಮುಚ್ಚಳದ ಸುತ್ತ, ಎಲ್ಲಾ ಕಡೆ ಅದೇ ಪುಡಿ. ಸಂಪಿನ ಮುಚ್ಚಳಕ್ಕೆ ಹಿಡಿಕೆ ಇರಬೇಕಾದ ಜಾಗದಲ್ಲಿ ತೂತಿತ್ತು.

ಒಳಗಿನ ರೂಮಿನಲ್ಲಿ ಅವರ ಹೆಂಡತಿ ಮಂಚದ ಮೇಲೆ ಕೂತಿದ್ದರು. ಉಬ್ಬಸ ಇರುವವರು. ಇನ್ಹೇಲರ್ ಎಳೆದುಕೊಂಡು ಸುಧಾರಿಸಿಕೊಳ್ಳುತ್ತಿದ್ದರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. "ಬೆಳಿಗ್ಗೆನೇ ಒಂದು ಮಾತು ಹೇಳಿದ್ದಿದ್ರೆ ಮಗಳ ಮನೆಗೆ ಹೋಗಿರ್ತಿದ್ದೆ ಕಣಪ್ಪಾ. ಇಲ್ಲೇ ನಾಗರಭಾವಿಲಿ ಇದ್ದಾಳೆ" ಎಂದರು. ಆವತ್ತು ಕೇಳಿದ ಮಾತುಗಳಲ್ಲಿ ಬೆಟ್ಟದಷ್ಟು ಭಾರವಾಗಿದ್ದು ಇದೊಂದೇ. ನಾನು ಕಂಬ ಎಲ್ಲಿ ನೆಡಬೇಕು ಎಂದು ಲೆಕ್ಕ ಹಾಕಿದ್ದೆ, ಡೀಸೆಲ್ ಎಷ್ಟು ಬೇಕು ಎಂದು ಲೆಕ್ಕ ಹಾಕಿದ್ದೆ. ಪಕ್ಕದ ಮನೆಯ ಬೆಲ್ ಒತ್ತುವುದು ನನ್ನ ಲಿಸ್ಟಿನಲ್ಲೇ ಇರಲಿಲ್ಲ.

ಕೆಲಸ ನಿಲ್ಲಿಸಿದೆವು. ಸಂಪು ಖಾಲಿ ಮಾಡಿಸಿ ತೊಳೆಸಿ ಒಂದು ಟ್ಯಾಂಕರ್ ನೀರು ಹಾಕಿಸಿದೆ. ಬಟ್ಟೆ, ಕಾರು, ಸೋಲಾರು ಎಲ್ಲ ನಾವೇ ತೊಳೆದೆವು. ಆ ಕೆಲಸದಲ್ಲಿ ಲಾಭ ಹೋಗಲಿ, ಡೀಸೆಲ್ ಕಾಸೂ ಹುಟ್ಟಲಿಲ್ಲ.

ಆದರೆ ತೊಳೆದದ್ದು ಕಣ್ಣಿಗೆ ಕಂಡ ಧೂಳನ್ನು. ಅದು ಬಟ್ಟೆ ಕೊಳೆ ಮಾಡುತ್ತದೆ, ಮೂಗು ಕಟ್ಟಿಸುತ್ತದೆ, ಬೈಗುಳ ತಿನ್ನಿಸುತ್ತದೆ, ಅಷ್ಟೇ. ಜೀವ ತಿನ್ನುವುದು ಕಾಣದ ಧೂಳು. ಮರಳೆಂದರೆ ಬಹುಪಾಲು ಕ್ವಾರ್ಟ್ಜ್, ಅಂದರೆ ಸಿಲಿಕಾ. ನೂರು ಪೌಂಡ್ ಪ್ರೆಶರಿನಲ್ಲಿ ಕಲ್ಲಿಗೆ ಬಡಿದಾಗ ಮರಳಿನ ಕಾಳು ಒಡೆದು ಪುಡಿಪುಡಿಯಾಗುತ್ತದೆ. ದಪ್ಪ ಪುಡಿ ಅಲ್ಲೇ ಬೀಳುತ್ತದೆ. ಕೆಲವೇ ಮೈಕ್ರಾನಿನ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್) ಕಣ ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ, ಉಸಿರಾಡಿದರೆ ಶ್ವಾಸಕೋಶದ ತಳದವರೆಗೂ ಹೋಗಿ ಕೂರುತ್ತದೆ. ಅಲ್ಲಿಂದ ಸಿಲಿಕೋಸಿಸ್, ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ. ನಮ್ಮ 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಇದು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿತ್ತು. ಈ ಸಿಲಿಕಾ ಧೂಳನ್ನು ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1997ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಅಮೆರಿಕದಲ್ಲಿ 2016ರಲ್ಲಿ ಕೆಲಸಗಾರರಿಗೆಂದು ಇಟ್ಟ ಮಿತಿ ಎಂಟು ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂ. ಈ ಅಂಕಿ ಓದಿದರೆ ಏನೂ ಅನ್ನಿಸುವುದಿಲ್ಲ, ನನಗೂ ಅನ್ನಿಸಿರಲಿಲ್ಲ. ಒಂದು ದಿನ ಕೂತು ಲೆಕ್ಕ ಹಾಕಿದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ರೂಮಿಗೆ ಒಟ್ಟು ಒಂದೂವರೆ ಮಿಲಿಗ್ರಾಂ ಕೂಡ ಬರುವುದಿಲ್ಲ. ಒಂದು ಅಕ್ಕಿಕಾಳು ಸುಮಾರು ಇಪ್ಪತ್ತು ಮಿಲಿಗ್ರಾಂ ತೂಗುತ್ತದೆ. ಅಂದರೆ ಒಂದು ಅಕ್ಕಿಕಾಳಿನ ತೂಕದಷ್ಟು ಸಣ್ಣ ಧೂಳು ಹತ್ತಾರು ರೂಮುಗಳ ಮಿತಿ ಮುಟ್ಟಿಸಲು ಸಾಕು. ನಾವು ಮೂಟೆ ಲೆಕ್ಕದಲ್ಲಿ ಊದುತ್ತಿದ್ದೆವು.

ನನಗೆ ಕೆಲಸ ಕಲಿಸಿದ ಮೇಸ್ತ್ರಿಗೆ ಎರಡು ಸಲ ಟಿಬಿ ಔಷಧಿ ಕೊಟ್ಟಿದ್ದರು. ಕೆಮ್ಮು ಹೋಗಲಿಲ್ಲ. ಮೂರನೇ ಸಲ ಹೋದಾಗ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ನೀವು ಏನು ಕೆಲಸ ಮಾಡೋದು ಎಂದು ಕೇಳಿದರಂತೆ. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅವರು ಜೀವನಪೂರ್ತಿ ಮೂಗಿಗೆ ಕರ್ಚೀಫು ಕಟ್ಟಿಕೊಂಡೇ ಬ್ಲಾಸ್ಟ್ ಮಾಡಿದವರು.

ಈಗ ಮನೆಗಳ ಹತ್ತಿರ ಕೆಲಸ ಬಂದರೆ ನಾನು ಮಾಡುವುದೇ ಬೇರೆ. ಮೊದಲನೆಯದಾಗಿ, ಬ್ಲಾಸ್ಟಿಂಗ್ ಬೇಕೇ ಎಂದು ಕೇಳುತ್ತೇನೆ. ಚಿಕ್ಕ ರ‍್ಯಾಂಪಾದರೆ ನೀರು ಬಿಟ್ಟುಕೊಂಡು ಕಟ್ಟರ್‌ನಲ್ಲಿ ಅಡ್ಡಡ್ಡ ಗೆರೆ ಹೊಡೆದರೆ ಟೈರಿಗೂ ಕಾಲಿಗೂ ಹಿಡಿತ ಸಿಗುತ್ತದೆ. ಕಲ್ಲು ಇನ್ನೂ ಹಾಸಿಲ್ಲದಿದ್ದರೆ ಜಿಗಣಿಯ ಫ್ಯಾಕ್ಟರಿಯಲ್ಲೇ ಫ್ಲೇಮ್ ಫಿನಿಶ್, ಅಂದರೆ ಬೆಂಕಿಯಲ್ಲಿ ಮೇಲ್ಮೈ ಒರಟು ಮಾಡಿಸಿ ತನ್ನಿ ಎಂದು ಕಳಿಸುತ್ತೇನೆ. ನನ್ನ ಹೊಟ್ಟೆಗೆ ನಾನೇ ಕಲ್ಲು ಹಾಕಿಕೊಂಡಂತೆ ಎಂದು ನನ್ನ ತಮ್ಮ ನಗುತ್ತಾನೆ.

ಬ್ಲಾಸ್ಟಿಂಗೇ ಆಗಬೇಕು ಅಂದರೆ ಮರಳು ಬಿಟ್ಟು ಗಾರ್ನೆಟ್ ಎಂಬ ಖನಿಜದ ಕಾಳು. ಬೆಲೆ ಜಾಸ್ತಿ, ಆದರೆ ಭಾರದ ಕಾಳು, ಕಡಿಮೆ ಒಡೆಯುತ್ತದೆ, ಬಿಡಿ ಸಿಲಿಕಾ ತೀರಾ ಕಡಿಮೆ. ಅಷ್ಟಕ್ಕೇ ಎಲ್ಲ ಮುಗಿಯಿತು ಎಂದು ಮಾರುವವರು ಹೇಳುತ್ತಾರೆ, ನಂಬಬೇಡಿ. ನಾವು ಕೆರೆಯುತ್ತಿರುವುದೇ ಗ್ರಾನೈಟನ್ನು. ಅದರಲ್ಲೇ ಕಾಲು ಭಾಗದ ಆಸುಪಾಸು ಕ್ವಾರ್ಟ್ಜ್ ಇರುತ್ತದೆ. ಊದುವುದನ್ನು ಬದಲಾಯಿಸಬಹುದು, ಏಳುವ ಕಲ್ಲಿನ ಪುಡಿಯನ್ನು ಬದಲಾಯಿಸಲಾಗದು. ಅದಕ್ಕೇ ನೀರು. ನಾಝಲಿನ ಬಾಯಿಗೆ ನೀರಿನ ರಿಂಗು ಸಿಕ್ಕಿಸಿ, ಧೂಳು ಹುಟ್ಟುವ ಜಾಗದಲ್ಲೇ ತೋಯಿಸಬೇಕು. ಎದ್ದ ಮೇಲೆ ಪೈಪು ಹಿಡಿದು ಗಾಳಿಗೆ ನೀರು ಚಿಮುಕಿಸುವುದು ಮದುವೆ ಮನೆಯ ಪನ್ನೀರು ಇದ್ದ ಹಾಗೆ, ಮನಸ್ಸಿಗೆ ಹಿತ ಅಷ್ಟೇ.

ನೀರು ಹಾಕಿದರೆ ಕೆಸರು. ಇದನ್ನು ನಾನು ಎರಡನೇ ತಪ್ಪು ಮಾಡಿಯೇ ಕಲಿತೆ. ಮೊದಲ ಸಲ ಕೆಸರನ್ನು ಚರಂಡಿಗೆ ತಳ್ಳಿದೆವು, ಉಳಿದದ್ದು ರಸ್ತೆಯ ಮೇಲೆ ಒಣಗಿತು. ಮಾರನೇ ದಿನ ಪ್ರತಿ ಆಟೋ ಹೋದಾಗಲೂ ಅದೇ ಧೂಳು ಮತ್ತೆ ಎದ್ದಿತು, ಅದೂ ಪುಕ್ಕಟೆಯಾಗಿ. ಈಗ ರ‍್ಯಾಂಪಿನ ಕೆಳಗೆ ಮರಳು ತುಂಬಿದ ಗೋಣಿಚೀಲ ಅಡ್ಡ ಇಟ್ಟು, ನಿಂತ ಕೆಸರನ್ನು ನೀರೆಳೆಯುವ ವ್ಯಾಕ್ಯೂಮಿನಲ್ಲಿ ಡ್ರಮ್ಮಿಗೆ ತುಂಬುತ್ತೇವೆ. ರಾತ್ರಿ ಬಿಟ್ಟರೆ ಬೆಳಿಗ್ಗೆ ಮೇಲೆ ತಿಳಿನೀರು, ಕೆಳಗೆ ಮುದ್ದೆ. ಮುದ್ದೆ ಚೀಲಕ್ಕೆ. ಕಲ್ಲಿನ ಮೇಲೆ ಉಳಿದದ್ದನ್ನು ಒಣಗುವ ಮೊದಲೇ ತೊಳೆಯಬೇಕು, ಒಣಗಿದರೆ ಬಿಳಿ ಕಲೆ ನಿಲ್ಲುತ್ತದೆ. ಕಡ್ಡಿ ಪೊರಕೆ ಮುಟ್ಟುವಂತಿಲ್ಲ. ನನ್ನ ಹುಡುಗರಿಗೆ ಇದೊಂದು ಒಗ್ಗಿಸಲು ಆರು ತಿಂಗಳು ಹಿಡಿಯಿತು. ಕೆಲಸ ಮುಗಿದ ಮೇಲೆ ಗುಡಿಸದಿದ್ದರೆ ಅವರಿಗೆ ಊಟ ಸೇರುವುದಿಲ್ಲ.

ನೆಟ್ಟು ಈಗಲೂ ಕಟ್ಟುತ್ತೇನೆ, ಸಿಡಿಯುವ ಕಾಳು ತಡೆಯಲು. ಸಣ್ಣ ಧೂಳಿಗೆ ಅದು ನೆಟ್ಟಲ್ಲ, ಹೆಬ್ಬಾಗಿಲು. ಒಳಗಡೆ ದಪ್ಪ ಟಾರ್ಪಾಲು ನೆಲಕ್ಕೆ ತಾಕುವಂತೆ ಬಿಡುತ್ತೇವೆ, ಗಾಳಿ ಜೋರಿದ್ದರೆ ಅದು ಹಾಯಿಯಂತೆ ಉಬ್ಬಿ ಕಂಬವನ್ನೇ ಕೀಳುತ್ತದೆ. ಹಾಗೆ ಉಬ್ಬಿದ ದಿನ ಕೆಲಸ ಇಲ್ಲ. ಆಷಾಢದಲ್ಲಿ ಬೆಳಿಗ್ಗೆ ಬೇಗ ಶುರು ಮಾಡಿ, ಗಾಳಿ ಏಳುವಷ್ಟರಲ್ಲಿ ನಿಲ್ಲಿಸುತ್ತೇನೆ. ಅಷ್ಟು ಹೊತ್ತಿಗೇ ಕಂಪ್ರೆಸರ್ ಸದ್ದಾ ಎಂದು ಬೈಯುವವರು ಇದ್ದೇ ಇರುತ್ತಾರೆ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ನಮ್ಮ ಕಂಪ್ರೆಸರಿಗೆ ಅದು ಪಿಸುಮಾತು. ಆ ಜಗಳ ಬೇರೆ.

ಹಿಂದಿನ ದಿನ ಸಂಜೆ ಅಕ್ಕಪಕ್ಕ, ಎದುರು, ಗಾಳಿ ಹೋಗುವ ದಿಕ್ಕಿನ ಐದಾರು ಮನೆಗೆ ನಾನೇ ಹೋಗುತ್ತೇನೆ. ಹುಡುಗರನ್ನು ಕಳಿಸುವುದಿಲ್ಲ. "ಅಮ್ಮಾ, ನಾಳೆ ಏಳರಿಂದ ಹತ್ತರವರೆಗೆ ಕೆಲಸ. ಕಿಟಕಿ ಹಾಕಿಕೊಳ್ಳಿ, ಬಟ್ಟೆ ಹತ್ತರ ಮೇಲೆ ಒಣಹಾಕಿ, ಸಂಪು ನಾವೇ ಪ್ಲಾಸ್ಟಿಕ್ ಹೊದಿಸಿ ಹೋಗ್ತೀವಿ. ಮನೇಲಿ ಉಬ್ಬಸ ಇರೋರು, ಸಣ್ಣ ಮಕ್ಕಳು ಇದ್ದಾರಾ?" ಕೊನೆಯ ಪ್ರಶ್ನೆಗೆ ಹೌದು ಎಂದರೆ ದಿನವನ್ನೇ ಅವರ ಅನುಕೂಲಕ್ಕೆ ಬದಲಾಯಿಸುತ್ತೇನೆ. ನನ್ನ ನಂಬರ್ ಕೊಟ್ಟು ಬರುತ್ತೇನೆ. ಬಹಳ ಜನ ಕಾಫಿ ಕೊಡುತ್ತಾರೆ. ಕೆಲವರು ಬಾಗಿಲು ಮುಖಕ್ಕೆ ಹಾಕುತ್ತಾರೆ, ಅದೂ ಸರಿಯೇ.

ಇಷ್ಟೆಲ್ಲ ಸೇರಿಸಿದರೆ ರೇಟು ಹೆಚ್ಚಾಗುತ್ತದೆ. ಹೋದ ತಿಂಗಳು ಒಬ್ಬರು ನನ್ನ ಎಸ್ಟಿಮೇಟ್ ನೋಡಿ, ಬೇರೆಯವರು ನೀರಿಲ್ಲದೆ ಅರ್ಧ ದಿನದಲ್ಲಿ ಮುಗಿಸುತ್ತಾರೆ, ರೇಟೂ ಅರ್ಧ ಎಂದರು. ಕೆಲಸ ಅವರಿಗೇ ಹೋಯಿತು. ಮೊನ್ನೆ ಅದೇ ರಸ್ತೆಯಲ್ಲಿ ಹೋಗುವಾಗ ಹಸಿರು ನೆಟ್ಟು ಕಟ್ಟಿತ್ತು, ಅದರಾಚೆ ಮೋಡ. ಕಂಪ್ರೆಸರ್ ನಿಲ್ಲುವವರೆಗೆ ಕಾದು, ಸ್ಕೂಟರಿನ ಡಿಕ್ಕಿಯಲ್ಲಿದ್ದ ಎರಡು ಎನ್-95 ಮಾಸ್ಕು ತೆಗೆದು ನಾಝಲ್ ಹಿಡಿದಿದ್ದ ಹುಡುಗನಿಗೆ ಕೊಟ್ಟೆ. ಈ ಕೆಲಸಕ್ಕೆ ಗಾಳಿ ಪೈಪಿರುವ ಹೆಲ್ಮೆಟ್ಟೇ ಬೇಕು, ಆದರೂ ಕರ್ಚೀಫಿಗಿಂತ ವಾಸಿ. ಇಪ್ಪತ್ತು ವರ್ಷ ಇರಬಹುದು ಅವನಿಗೆ. ರೆಪ್ಪೆಯೆಲ್ಲ ಬೆಳ್ಳಗಾಗಿತ್ತು. ಮಾಸ್ಕನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮಡಚಿ ಪ್ಯಾಂಟಿನ ಜೇಬಿಗಿಟ್ಟುಕೊಂಡ.

"ಆಮೇಲೆ ಹಾಕ್ಕೊತೀನಿ ಅಣ್ಣಾ" ಎಂದ, ಕರ್ಚೀಫು ಮೇಲೆಳೆದುಕೊಳ್ಳುತ್ತಾ.