ಅಳದ ಮಗುವಿಗೆ ಜ್ವರ ಬಂದರೆ

“ದತ್ತು ತಗೊಂಡ ಹೊಸದರಲ್ಲೇ ಮಗುವಿಗೆ ಹುಷಾರು ತಪ್ಪಿತಂತೆ. ಗಾಬರಿ ಆಗ್ಲಿಲ್ವಾ?” ಊರಿಗೆ ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ. ಹೊರದೇಶದಲ್ಲಿದ್ದು ದತ್ತುವಿಗೆ ಕಾಯುತ್ತಿರುವವರಂತೂ ತಪ್ಪದೆ ಕೇಳುತ್ತಾರೆ. ಗಾಬರಿ ಆಯಿತು. ಆದರೆ ಜ್ವರಕ್ಕಲ್ಲ.

ನಾವಿರುವುದು ಐರ್ಲೆಂಡಿನಲ್ಲಿ. ಮಗಳು ಸಿಕ್ಕಿದ್ದು ಒಡಿಶಾದಲ್ಲಿ. ನಮ್ಮಂಥವರು ಮಗುವನ್ನು ಎತ್ತಿಕೊಂಡು ನೇರ ವಿಮಾನ ಹತ್ತುವ ಹಾಗಿಲ್ಲ. ದತ್ತು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಕಾರಾದಿಂದ ಎನ್‌ಒಸಿ, ಅಂದರೆ ಆಕ್ಷೇಪವಿಲ್ಲ ಅನ್ನುವ ಪತ್ರ ಬರಬೇಕು. ಆಮೇಲೆ ಜಿಲ್ಲಾಧಿಕಾರಿಯ ಆದೇಶ (2022ರ ಸೆಪ್ಟೆಂಬರ್‌ಗೆ ಮೊದಲು ಇದಕ್ಕೆ ಕೋರ್ಟಿಗೆ ಹೋಗಬೇಕಿತ್ತು), ದೇಶದಿಂದ ದೇಶಕ್ಕೆ ದತ್ತು ಕೊಡುವ ಬಗೆಗಿನ ಹೇಗ್ ಒಪ್ಪಂದದ ಪ್ರಮಾಣಪತ್ರ, ಪಾಸ್‌ಪೋರ್ಟ್, ವೀಸಾ. ಎನ್‌ಒಸಿ ಬಂದ ಮೇಲೆ ಮಗುವನ್ನು ಜೊತೆಗೆ ಇಟ್ಟುಕೊಳ್ಳಬಹುದು, ಆದರೆ ದೇಶದೊಳಗೇ. ಹಾಗಾಗಿ ವಿರಾಜಪೇಟೆ ಹತ್ತಿರದ ಅತ್ತೆ ಮನೆಗೆ ಕರೆತಂದೆವು. ಜುಲೈ ತಿಂಗಳು, ಕೊಡಗಿನ ಮಳೆ. ಮಗುವಿನ ಚಡ್ಡಿಗಳೆಲ್ಲ ಒಲೆ ಹತ್ತಿರ ಒಣಗುತ್ತಿದ್ದವು.

ನಾಲ್ಕನೇ ದಿನ ಅವಳು ಒಲೆ ಮುಂದೆ ಸುಮ್ನೆ ಕೂತಿದ್ದಳು. ಎಷ್ಟು ಒಳ್ಳೆ ಮಗು, ಹಠವೇ ಇಲ್ಲ ಅಂತ ಎಲ್ಲರೂ ಹೊಗಳಿದರು. ಎತ್ತಿಕೊಂಡರೆ ಕತ್ತು ಕಾದ ಹೆಂಚಿನ ಹಾಗಿದೆ. 102 ಡಿಗ್ರಿ. ಒಂದು ಹನಿ ಕಣ್ಣೀರಿಲ್ಲ, ಸದ್ದಿಲ್ಲ. ಗಾಬರಿ ಆಗಿದ್ದು ಇದಕ್ಕೆ. ಒಬ್ಬ ಆಯಾ ಎಷ್ಟೋ ಮಕ್ಕಳನ್ನು ನೋಡಿಕೊಳ್ಳುವ ಕಡೆ ಬೆಳೆದ ಮಗು, ಅತ್ತರೂ ಯಾರೂ ಬರುವುದಿಲ್ಲ ಅಂತ ಕಲಿತುಬಿಡುತ್ತದೆ. ಅದನ್ನೇ ನಾವು ಒಳ್ಳೆ ಸ್ವಭಾವ ಅಂದುಕೊಂಡಿದ್ದೆವು.

ನಮಗೆ ಕೊಟ್ಟ ವೈದ್ಯಕೀಯ ವರದಿಯಲ್ಲಿ ಲಸಿಕೆ, ರಕ್ತಪರೀಕ್ಷೆ ಎಲ್ಲ ಇತ್ತು. ಹುಷಾರಿಲ್ಲದಾಗ ಈ ಮಗು ಹೇಗಿರುತ್ತದೆ ಅನ್ನುವುದು ಇರಲಿಲ್ಲ. ಸಂಸ್ಥೆಗೆ ಫೋನ್ ಮಾಡಿ, ಆಯಾನ ಹತ್ತಿರ ನನ್ನ ಹರಕು ಹಿಂದಿಯಲ್ಲಿ ಕೇಳಿದೆ. “ಕಿವಿ ಎಳೆದುಕೊಳ್ತಾ ಇದ್ದಾಳಾ?” ಅಂದಳು. ಬೆಳಿಗ್ಗೆಯಿಂದ ಎಳೆದುಕೊಳ್ಳುತ್ತಿದ್ದಳು! ಆಟ ಅಂದುಕೊಂಡಿದ್ದೆ. ಮಗುವನ್ನು ಕರೆತರಲು ಹೋಗುವವರಿಗೆ ನನ್ನ ಮೊದಲ ಮಾತು ಇದೇ: ಫೈಲು ಓದಿದ ಮೇಲೆ ಆಯಾನ ಜೊತೆ ಅರ್ಧ ಗಂಟೆ ಕೂತುಕೊಳ್ಳಿ. ನೋವಾದರೆ ಏನು ಮಾಡ್ತಾಳೆ, ಔಷಧಿ ಹೇಗೆ ಕುಡಿಸ್ತೀರಿ, ಎಲ್ಲ ಕೇಳಿ ಬರೆದುಕೊಳ್ಳಿ.

ಎರಡನೆಯದು ತೂಕ. ಡಾಕ್ಟರಿಗೆ ಫೋನ್ ಮಾಡಿದರೆ ಮೊದಲು ಕೇಳಿದ್ದೇ ಅದು. ಪ್ಯಾರಾಸಿಟಮಾಲ್ ಕೊಡುವುದು ವಯಸ್ಸು ನೋಡಿ ಅಲ್ಲ, ಒಂದು ಕಿಲೋಗೆ ಸುಮಾರು 15 ಮಿಲಿಗ್ರಾಂ ಲೆಕ್ಕದಲ್ಲಿ. ಇಂಥ ಮಕ್ಕಳ ತೂಕ ವಯಸ್ಸಿಗಿಂತ ಹಿಂದಿರುವುದು ಜಾಸ್ತಿ. ಮನೆಯಲ್ಲಿದ್ದದ್ದು ಕರಿಮೆಣಸಿನ ಚೀಲ ತೂಗುವ ಯಂತ್ರ. ನಾನು ಮಗುವನ್ನು ಎತ್ತಿಕೊಂಡು ನಿಂತೆ, ಆಮೇಲೆ ಒಬ್ಬಳೇ ನಿಂತೆ, ಕಳೆದರೆ ಒಂಬತ್ತು ಕಿಲೋ. (ನನ್ನ ತೂಕ ಇಡೀ ಮನೆಗೆ ಗೊತ್ತಾಯಿತು, ಅದು ಬೇರೆ ವಿಷಯ.) ಸಿರಪ್ಪಿನಲ್ಲೂ 5 ಮಿಲಿಗೆ 120 ಮಿಲಿಗ್ರಾಮಿನದು ಬೇರೆ, 250ರದು ಬೇರೆ. ಡಾಕ್ಟರು ಹೇಳಿದ್ದು 120ರದು. ಮಾವ ಪೇಟೆಯಿಂದ ತಂದದ್ದು 250. ಲೇಬಲ್ ಓದದೆ 5 ಮಿಲಿ ಕುಡಿಸಿದ್ದರೆ ಹೆಚ್ಚುಕಮ್ಮಿ ಎರಡು ಪಟ್ಟು ಆಗುತ್ತಿತ್ತು.

ನೆಗಡಿಗೆ ಸಿರಪ್ ಕುಡಿಸಲಿಲ್ಲ. ಕ್ಲೋರ್‌ಫೆನಿರಮೈನ್, ಫಿನೈಲ್‌ಎಫ್ರಿನ್ ಎರಡೂ ಸೇರಿದ ಸಿರಪ್ ನಾಲ್ಕು ವರ್ಷದೊಳಗಿನವರಿಗೆ ಬೇಡ ಅಂತ 2023ರಲ್ಲೇ ಸರಕಾರ ಹೇಳಿದೆ. ಬೆರಳ ಸಂದಿನಲ್ಲಿ ತುರಿಕಜ್ಜಿಯೂ ಇತ್ತು, ಒಟ್ಟಿಗೆ ಬೆಳೆದ ಮಕ್ಕಳಲ್ಲಿ ಇದು ಮಾಮೂಲು. ಪರ್ಮೆಥ್ರಿನ್ ಮುಲಾಮನ್ನು ಮನೆಯವರೆಲ್ಲ ಹಚ್ಚಿಕೊಂಡೆವು. ಮಾವ ಮಾತ್ರ ತುಂಬಾ ಗೊಣಗಿದರು.

ಜ್ವರ ಮೂರು ದಿನಕ್ಕೆ ಇಳಿಯಿತು. ಆಮೇಲೆ ಆಗಸ್ಟ್ 3 ಬಂತು, ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದುಸೊಪ್ಪು ತಿನ್ನುವ ದಿನ. ಅತ್ತೆ ಮದ್ದುಸೊಪ್ಪಿನ ಪಾಯಸ ಮಾಡಿದರು. ಮಗಳು ಎರಡು ಚಮಚ ತಿಂದಳು. ಮರುದಿನ ಉಚ್ಚೆ ಕೆಂಪು! ಗಂಡ ಕಾರಿನ ಕೀಲಿ ಹುಡುಕುವಷ್ಟರಲ್ಲಿ ಅತ್ತೆ ನಕ್ಕು ನಕ್ಕು ಕೂತುಬಿಟ್ಟರು. ಆ ಸೊಪ್ಪಿನ ಬಣ್ಣವೇ ಹಾಗೆ. ಕೊಡಗಿನಲ್ಲೇ ಹುಟ್ಟಿದವರಿಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ ನೋಡಿ.

ಮತ್ತೆ ಜ್ವರ ಬಂದದ್ದು ಪಾಸ್‌ಪೋರ್ಟ್ ಬಂದ ವಾರ. ಆ ಸಲ ರಾತ್ರಿಯಿಡೀ ಅತ್ತಳು. ಯಾರಿಗೂ ನಿದ್ದೆಯಿಲ್ಲ. ಬೆಳಗಿನ ನಾಲ್ಕಕ್ಕೆ ಅತ್ತೆ ಬೈದುಕೊಂಡೇ ಎದ್ದು ಎಲ್ಲರಿಗೂ ಕಾಫಿ ಮಾಡಿದರು.