ಬಟವಾಡೆಯ ಹಿಂದಿನ ದಿನ

2016ರ ನವೆಂಬರ್ 18, ಶುಕ್ರವಾರ. ದೊಡ್ಡಬಳ್ಳಾಪುರದ ಬಸ್ಸಿನಿಂದ ಅಪ್ಪ ಮೆಜೆಸ್ಟಿಕ್‌ನಲ್ಲಿ ಇಳಿದಾಗ ಅವರ ಹೆಗಲ ಮೇಲೆ ಸೀರೆ ಗಂಟು ಇರಲಿಲ್ಲ. ಚಿಕ್ಕಪೇಟೆಗೆ ಅವರು ಗಂಟಿಲ್ಲದೆ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೈಯಲ್ಲಿ ಒಂದು ಬಟ್ಟೆ ಚೀಲ. ಅದರೊಳಗೆ ಕೆಂಪು ರಟ್ಟಿನ ಲೆಕ್ಕದ ಪುಸ್ತಕ, ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ.

"ತೆಗೆದ್ಯಾ ಪುಟ್ಟಿ?" ಅಂತ ದೂರದಿಂದಲೇ ಕೂಗಿ ಕೇಳಿದರು. ಮಗ್ಗದ ಮನೆಯಲ್ಲಿ ಬದುಕಿದವರು ಮಾತಾಡೋದೇ ಹಾಗೆ. ನಮ್ಮದು ಎಂಟು ಪವರ್‌ಲೂಮ್ ಇರುವ ಶೆಡ್. ಲಾಳಿಯ ಹೊಡೆತದ ನಡುವೆ ಮೆಲ್ಲಗೆ ಹೇಳಿದ ಮಾತು ಯಾರಿಗೂ ಕೇಳಿಸುವುದಿಲ್ಲ.

ತೆಗೆದಿದ್ದೆ. ಹಳೆಯ 500, 1000ದ ನೋಟು ರದ್ದಾಗಿ ಹತ್ತು ದಿನವಾಗಿತ್ತು. ಒಂದು ಖಾತೆಯಿಂದ ವಾರಕ್ಕೆ 24 ಸಾವಿರ ತೆಗೆಯಬಹುದಿತ್ತು. ರಾಜಾಜಿನಗರದಲ್ಲಿ ನನ್ನ ಪಿಜಿ ಹತ್ತಿರದ ಬ್ಯಾಂಕಿನ ಮುಂದೆ ಎರಡು ದಿನದ ಹಿಂದೆ ಐದು ಗಂಟೆ ನಿಂತು ಅಷ್ಟನ್ನೂ ತೆಗೆದಿದ್ದೆ. ಸಿಕ್ಕಿದ್ದು ಹನ್ನೆರಡು ಗುಲಾಬಿ ನೋಟು, ಎಲ್ಲವೂ 2000ದ್ದು. ಅಪ್ಪ ಅವನ್ನು ನೋಡಿ ತಲೆ ತುರಿಸಿಕೊಂಡರು. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವ ಹೆಂಗಸಿಗೆ ವಾರಕ್ಕೆ 900 ರೂಪಾಯಿ. ಅವಳ ಕೈಗೆ 2000ದ ನೋಟು ಇಟ್ಟರೆ ಊರಲ್ಲಿ ಚಿಲ್ಲರೆ ಕೊಡುವವರು ಯಾರು?

ನೇಕಾರರ ಬೀದಿಯಲ್ಲಿ ಶನಿವಾರ ಬಟವಾಡೆ, ಅಂದರೆ ವಾರದ ಕೂಲಿ ಕೊಡುವ ದಿನ. ನೇಯುವವರಿಗೆ, ಕಂಡಿಕೆ ಸುತ್ತುವವರಿಗೆ, ಎಳೆ ಜೋಡಿಸಿ ಅಚ್ಚು ಕೆಚ್ಚುವವರಿಗೆ ಎಲ್ಲರಿಗೂ ಸಂಜೆ ದುಡ್ಡು ಕೈಗೆ ಬೀಳಬೇಕು. ಭಾನುವಾರದ ಅಡುಗೆ, ಚೀಟಿ ದುಡ್ಡು, ಮಕ್ಕಳ ಫೀಸು ಎಲ್ಲಾ ಅದರ ಮೇಲೆ ನಿಂತಿರುತ್ತದೆ. ಹಿಂದಿನ ಶನಿವಾರ ಅರ್ಧಕ್ಕರ್ಧ ಮನೆಗಳಲ್ಲಿ ಬಟವಾಡೆ ಆಗಿರಲಿಲ್ಲ. ಊರಿನ ಬ್ಯಾಂಕಿನಲ್ಲಿ ನಿಯಮ ಏನೇ ಇರಲಿ, ನೋಟು ಸಾಲದೆ ತಲೆಗೆ ನಾಲ್ಕು ಸಾವಿರ ಕೊಟ್ಟು ಕಳಿಸುತ್ತಿದ್ದರು.

ಬೀದಿಯ ಹನ್ನೊಂದು ಮನೆಯವರು, ಎರಡು ಮಗ್ಗ, ಮೂರು ಮಗ್ಗ ಇಟ್ಟುಕೊಂಡವರು, ತಮ್ಮ ಬಿಲ್ಲುಗಳನ್ನೂ ಅಪ್ಪನ ಕೈಗೆ ಕೊಟ್ಟಿದ್ದರು. ಅಪ್ಪನನ್ನು ಊರಲ್ಲಿ ಎಲ್ಲರೂ ಯಜಮಾನ್ರು ಅಂತಾರೆ. ದೇವಸ್ಥಾನದ ಲೆಕ್ಕ, ಅಣ್ಣತಮ್ಮಂದಿರ ನಡುವೆ ಮಗ್ಗ ಹಂಚುವ ಜಗಳ, ಕರೆಂಟ್ ಹೋದರೆ ಕಚೇರಿಗೆ ಹೋಗಿ ಕೂರೋದು, ಸಾವಿನ ಮನೆಯಲ್ಲಿ ಮುಂದೆ ನಿಲ್ಲೋದು, ಎಲ್ಲಾ ಅವರ ತಲೆ ಮೇಲೆ. ಚಿಕ್ಕವಳಾಗಿದ್ದಾಗ ನನಗೆ ಇದರ ಮೇಲೆ ಸಿಟ್ಟಿತ್ತು. ಊಟಕ್ಕೆ ಕೂತರೆ ಯಾರಾದರೂ ಬಾಗಿಲಲ್ಲಿ ನಿಂತಿರುತ್ತಿದ್ದರು.

ಬಳೇಪೇಟೆ ಮೇಲಿಂದ ನಡೆದೇ ಹೋದೆವು. ದಾರಿಯಲ್ಲಿ ಕಂಡ ಬ್ಯಾಂಕುಗಳ ಮುಂದೆಲ್ಲಾ ಸಾಲು. ನೋಟು ಬದಲಾಯಿಸುವ ಮಿತಿಯನ್ನು 4,500ರಿಂದ 2,000ಕ್ಕೆ ಇಳಿಸಿದ್ದು ಅವತ್ತಿನಿಂದಲೇ. ಬದಲಾಯಿಸಿಕೊಂಡವರ ಬೆರಳಿಗೆ ಓಟಿನ ದಿನ ಹಚ್ಚುವಂಥದ್ದೇ ಶಾಯಿ. ಸಾಮಾನ್ಯವಾಗಿ ಚಿಕ್ಕಪೇಟೆಯಲ್ಲಿ ಭುಜಕ್ಕೆ ಭುಜ ತಾಗದೆ ನಡೆಯೋಕಾಗಲ್ಲ. ಆ ದಿನ ಆರಾಮಾಗಿ ನಡೆದೆವು. ಅಂಗಡಿ ಹುಡುಗರು ಬಾಗಿಲಲ್ಲಿ ನಿಂತು "ಬನ್ನಿ ಮೇಡಂ, ಸೀರೆ ನೋಡಿ" ಅಂತ ಕರೆಯುತ್ತಿದ್ದರು.

ನಾವು ಹೋಗಬೇಕಾದ ಅಂಗಡಿ ಮಹಡಿ ಮೇಲೆ. ಬಿಳಿ ಬಟ್ಟೆ ಹಾಸಿದ ಗಾದಿ, ಗೋಡೆ ತುಂಬಾ ಸೀರೆ. ಅದರಲ್ಲಿ ನಮ್ಮ ಶೆಡ್ಡಿನ ಸೀರೆಗಳನ್ನು ನಾನು ಅಂಚು ನೋಡಿಯೇ ಗುರುತಿಸಬಲ್ಲೆ. ಆರ್ಟ್ ಸಿಲ್ಕ್ ಅನ್ನೋ ಕೃತಕ ರೇಷ್ಮೆ, ಸೂರತ್ ಜರಿ, ವಿನ್ಯಾಸ ಮೂಡಿಸುವ ಜಕಾರ್ಡಿನಲ್ಲಿ ಎತ್ತಿದ ಮಾವಿನಕಾಯಿ ಬುಟ್ಟಾ. ದೀಪಾವಳಿಗೆ ಕೊಟ್ಟ ಮಾಲಿನ ದುಡ್ಡೂ ಇನ್ನೂ ಬಂದಿರಲಿಲ್ಲ. ನಮ್ಮದೇ 1,84,000 ಬಾಕಿ. ಉಳಿದ ಹನ್ನೊಂದು ಮನೆಯದು ಸೇರಿ 3,10,000.

ಅಪ್ಪ ಚಪ್ಪಲಿ ಬಿಟ್ಟು ಗಾದಿಯ ಅಂಚಿನಲ್ಲಿ ಕೂತರು. "ನಮಸ್ಕಾರ ಯಜಮಾನ್ರೇ" ಅಂದರು. ಅಂಗಡಿಯವರಿಗೆ ಅವರು ಹೇಳುವುದೂ ಯಜಮಾನ್ರೇ. ದನಿ ಎಷ್ಟು ಮೆಲ್ಲಗಿತ್ತು ಅಂದರೆ ನಾನು ತಿರುಗಿ ನೋಡಿದೆ. ಮನೆಯಲ್ಲಿ, ಬೀದಿಯಲ್ಲಿ, ಫೋನಿನಲ್ಲಿ ಕೂಗಿ ಮಾತಾಡುವ ಅಪ್ಪನಿಗೆ ಇಷ್ಟು ಮೆಲ್ಲಗೆ ಮಾತಾಡೋಕೂ ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ.

ಅಂಗಡಿಯವರು ಬಿಲ್ಲು ನೋಡಿದರು. "ಹಳೇ ನೋಟು ಬೇಕಂದ್ರೆ ಈಗಲೇ ಪೂರ್ತಿ ಕ್ಲಿಯರ್ ಮಾಡ್ತೀನಿ. ಡಿಸೆಂಬರ್ 30ರವರೆಗೆ ಬ್ಯಾಂಕಿಗೆ ಕಟ್ಟಬಹುದಲ್ಲ. ಹೊಸ ನೋಟು ಅಂದ್ರೆ ಸಂಕ್ರಾಂತಿ ಕಳೀಲಿ."

ನಾಲ್ಕು ತಿಂಗಳಿಂದ ಕೇಳುತ್ತಿದ್ದ ದುಡ್ಡು ಒಂದೇ ಮಾತಿಗೆ ಎದುರಿಗೆ ಬಂದಿತ್ತು. ಅಪ್ಪ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಇದರಲ್ಲಿ ಹನ್ನೊಂದು ಮನೆ ದುಡ್ಡಿದೆ ಯಜಮಾನ್ರೇ. ಎರಡು ಮಗ್ಗದವನ ಖಾತೆಗೆ ಒಂದೇ ಸಲ ಇಷ್ಟು ಹಳೇ ನೋಟು ಕಟ್ಟಿದ್ರೆ, ಎಲ್ಲಿಂದ ಬಂತು ಅಂತ ಕೇಳಿದಾಗ ಅವನೇನು ಹೇಳ್ತಾನೆ? ಬಾಕಿಗೆ ಚೆಕ್ ಕೊಡಿ, ಯಾವ ತಾರೀಕಾದ್ರೂ ಹಾಕಿ. ನಾಳೆ ಬಟವಾಡೆ ಇದೆ. ಅದಕ್ಕೆ ನೂರರದ್ದು, ಐವತ್ತರದ್ದು ಎಷ್ಟಿದೆಯೋ ಅಷ್ಟು ಕೊಡಿ" ಅಂದರು.

"ನೂರರದ್ದು ನಮಗೇ ಇಲ್ಲ."

"ಕೆಳಗಡೆ ಕೌಂಟರಿಗೆ ಬರುತ್ತಲ್ಲ. ಕಾಯ್ತೀನಿ."

ಕಾದೆವು. ಹನ್ನೊಂದು ಗಂಟೆಯಿಂದ ನಾಲ್ಕೂವರೆಯವರೆಗೆ. ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಚಿತ್ರಾನ್ನ ತಿಂದೆವು. ನನಗೆ ಒಳಗೊಳಗೇ ಕುದಿಯುತ್ತಿತ್ತು. ಊರಲ್ಲಿ ಅಪ್ಪ ಒಳಗೆ ಬಂದರೆ ಎದ್ದು ಕುರ್ಚಿ ಕೊಡುತ್ತಾರೆ. ಇಲ್ಲಿ ಅಂಗಡಿ ಹುಡುಗರು ಅವರನ್ನು ದಾಟಿಕೊಂಡು ಮಾಲು ಸಾಗಿಸುತ್ತಿದ್ದರು. "ಅವರ ಹತ್ರ ಹೀಗೆ ಯಾಕೆ ಕೂರ್ತೀರಪ್ಪ?" ಅಂತ ಕೇಳಿದೆ. "ನಾನು ಎದ್ದು ಹೋದ್ರೆ ನನಗೇನೂ ಆಗಲ್ಲ ಕಣಮ್ಮ" ಅಂದರು ಅಷ್ಟೆ. ಪುಸ್ತಕ ತೆಗೆದು ಹಾಳೆ ತಿರುವಿದರು.

ಆಗ ಆ ಪುಸ್ತಕವನ್ನು ನಾನೂ ನೋಡಿದೆ. ಒಂದೊಂದು ಮನೆಗೆ ಒಂದೊಂದು ಹಾಳೆ. ಯಾರಿಗೆ ಎಷ್ಟು ಕೂಲಿ ಅನ್ನೋದಷ್ಟೇ ಅಲ್ಲ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಇನ್ನೂ ಏನೇನೋ ಇತ್ತು. "ಗಂಡ ಹೆಂಡತಿ ಇಬ್ಬರೂ ಇಲ್ಲೇ, ಒಂದು 2000 ನಡೆಯುತ್ತೆ." "ಮಾತ್ರೆ ತರಬೇಕು, ಚಿಲ್ಲರೆ." "ಬ್ಯಾಂಕ್ ಖಾತೆ ಇಲ್ಲ." ಹನ್ನೆರಡು ಮನೆಗೆ ಒಟ್ಟು 70,000 ಬೇಕಿತ್ತು. ಯಾವ ಕೈಗೆ ಯಾವ ನೋಟು ಅಂತ ಬಸ್ಸಿನಲ್ಲಿ ಬರುವಾಗಲೇ ಹಂಚಿ ಬರೆದಿದ್ದರು.

ನಾಲ್ಕೂವರೆಗೆ ಅಂಗಡಿಯವರು ಕೆಳಗಿನ ಗಲ್ಲಾಪೆಟ್ಟಿಗೆಯನ್ನೇ ಮೇಲೆ ತರಿಸಿದರು. ನೂರು, ಐವತ್ತು, ಇಪ್ಪತ್ತು ಎಲ್ಲಾ ಸೇರಿಸಿ 33,000. ಉಳಿದ ಬಾಕಿಗೆ ಜನವರಿ ತಾರೀಕಿನ ಚೆಕ್ಕು. ಕೊಡುವಾಗ ಅವರೂ ಸುಸ್ತಾದವರ ಹಾಗೆ ಕಂಡರು. "ಇವತ್ತಿನ ವ್ಯಾಪಾರ ಇಷ್ಟೇ ಶೆಟ್ರೇ" ಅಂದರು. ಅದು ಸುಳ್ಳಲ್ಲ, ದಿನವಿಡೀ ಕೂತು ನೋಡಿದ್ದೆನಲ್ಲ.

ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುತ್ತಾ ಲೆಕ್ಕ ಹಾಕಿದೆವು. ನನ್ನ 24,000, ಅಪ್ಪ ಊರಲ್ಲಿ ತೆಗೆದ 4,000, ಈ 33,000. ಒಟ್ಟು 61,000. ಒಂಬತ್ತು ಸಾವಿರ ಕಮ್ಮಿ. ಅಪ್ಪ ಅದಷ್ಟನ್ನೂ ನಮ್ಮ ಹಾಳೆಯಲ್ಲೇ ಕಳೆದರು. ನಮ್ಮ ಶೆಡ್ಡಿನ ನಾಲ್ಕು ಹೆಂಗಸರಿಗೆ ಪೂರ್ತಿ 900. ಐದು ಜನ ನೇಕಾರರಿಗೆ 2,600ರ ಬದಲು 800.

ಇದು ನನಗೆ ಸರಿ ಅನ್ನಿಸಲಿಲ್ಲ. ನಮ್ಮ ನೇಕಾರರಿಗೂ ಮನೆ ಇಲ್ವಾ? ಯಜಮಾನಿಕೆ ಅಪ್ಪನದು, ಕಷ್ಟ ಮಾತ್ರ ಅವರಿಗೆ ಯಾಕೆ? ಹಾಗಂತ ಕೇಳಿಯೂ ಬಿಟ್ಟೆ. ಅಪ್ಪನಿಗೆ ಬೇಜಾರಾಯಿತು. ಹೊರಡುತ್ತಿದ್ದ ಬಸ್ಸೊಂದನ್ನು ಹಾಗೇ ಬಿಟ್ಟರು. ಆಮೇಲೆ ದಿನಸಿ ಅಂಗಡಿಯವರಿಗೆ ಫೋನ್ ಮಾಡಿದರು. ಸುತ್ತ ನಿಂತವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ, ಐದು ಹೆಸರು ಹೇಳಿ, "ಅಕ್ಕಿ, ಬೇಳೆ, ಎಣ್ಣೆ, ಏನು ಕೇಳಿದ್ರೂ ಕೊಡು. ನನ್ನ ಲೆಕ್ಕಕ್ಕೆ ಬರಕೋ. ಅವರ ಹೆಸರಿಗಲ್ಲ, ನನ್ನ ಹೆಸರಿಗೆ" ಅಂದರು. ಫೋನ್ ಇಟ್ಟು ನನ್ನ ಕಡೆ ನೋಡಿ, "ಹೋಗ್ಲಿ, ಇದು ನನಗೆ ಮೊದಲೇ ಹೊಳೀಬೇಕಿತ್ತು" ಅಂದರು.

ಶನಿವಾರ ರಾತ್ರಿ ಒಂಬತ್ತಕ್ಕೆ ಅವರ ಫೋನ್ ಬಂತು. ಹಿಂದೆ ಮಗ್ಗದ ಸದ್ದಿರಲಿಲ್ಲ, ಆದರೂ ಕೂಗಿಯೇ ಮಾತಾಡಿದರು. ಹನ್ನೆರಡು ಮನೆಯಲ್ಲೂ ಬಟವಾಡೆ ಆಗಿತ್ತು. ನೇಕಾರರಲ್ಲಿ ಒಬ್ಬ ಮುಖ ಗಂಟು ಹಾಕಿಕೊಂಡೇ ಹೋದನಂತೆ. ಸೋಮವಾರ ಬರ್ತಾನೋ ಇಲ್ವೋ ಅನ್ನೋದು ಅಪ್ಪನ ಚಿಂತೆ.

"ಮುಂದಿನ ವಾರ ಮತ್ತೆ ತೆಗೀಬಹುದಲ್ವಾ ಪುಟ್ಟಿ, 24?"

ಗುರುವಾರ, ಶುಕ್ರವಾರ ಎರಡೂ ದಿನಕ್ಕೆ ರಜೆ ಹಾಕಿದೆ.