ಪೆನ್ನಿಗಿಂತ ಮೊದಲು ಪರದೆ ನೋಡಿ

ಇ-ರೀಡರ್, ಟ್ಯಾಬ್ಲೆಟ್, ಪೆನ್ ಇರುವ ಲ್ಯಾಪ್‌ಟಾಪ್: ಮೂರರಲ್ಲೂ ಪುಸ್ತಕ ಓದಬಹುದು, ಮಾದರಿ ನೋಡಿ ಕೊಂಡರೆ ಮೂರರಲ್ಲೂ ಬರೆಯಬಹುದು. ಆಯ್ಕೆಗೆ ಪ್ರೊಸೆಸರ್ ಹೋಲಿಸುತ್ತ ಕೂರಬೇಡಿ. ನೀವು ದಿನಾ ತೆರೆಯುವ ಫೈಲ್ ಎಂಥದ್ದು ಅನ್ನುವುದರಿಂದ ಶುರುಮಾಡಿ.

ಇಪಬ್ (ಇ-ಪುಸ್ತಕದ ಫೈಲ್ ಬಗೆ) ಆದರೆ 6 ಇಂಚು ಸಾಕು, ಸಾಲುಗಳು ಪರದೆಗೆ ತಕ್ಕಂತೆ ಮುರಿದುಕೊಳ್ಳುತ್ತವೆ. (ಕನ್ನಡ ಪುಸ್ತಕವಾದರೆ ಕೊಳ್ಳುವ ಮೊದಲೇ ಒಂದು ಪುಟ ತೆರೆದು ‘ಷ್ಟ್ರ’ ಸರಿಯಾಗಿ ಕೂತಿದೆಯೇ ನೋಡಿ. ಒತ್ತಕ್ಷರ ಜೋಡಿಸಲು ಬಾರದ ಸಾಫ್ಟ್‌ವೇರ್‌ಗೆ ಫಾಂಟ್ ಬದಲಿಸಿ ಪ್ರಯೋಜನವಿಲ್ಲ.) ಕಷ್ಟ ಬರುವುದು ಎ4 ಪಿಡಿಎಫ್‌ಗೆ. 6 ಇಂಚಿನ ಪರದೆ ಸುಮಾರು 9 ಸೆಂ.ಮೀ. ಅಗಲ, ಎ4 ಹಾಳೆ 21. ಇಡೀ ಪುಟ ಹಿಡಿಸಿದರೆ 12 ಪಾಯಿಂಟಿನ ಅಕ್ಷರ 5ಕ್ಕೆ ಇಳಿಯುತ್ತದೆ. 10.3 ಇಂಚಿನಲ್ಲಿ ಸುಮಾರು ಎಂಟೂವರೆ. ಮಾರ್ಜಿನ್ ಕತ್ತರಿಸಿಕೊಂಡರೆ ಓದಲು ತೊಂದರೆಯಿಲ್ಲ. ಸ್ಕ್ಯಾನ್ ಪುಟದ ಸಾಲುಗಳನ್ನು ಪರದೆಗೆ ತಕ್ಕಂತೆ ಮುರಿಯುವ (ರೀಫ್ಲೋ) ಆಸೆ ಬಿಡಿ, ಅದು ಬರೀ ಚಿತ್ರ.

ಇ-ರೀಡರ್‌ನ ಇ-ಇಂಕ್ (ಕಾಗದದಂತೆ ಕಾಣುವ) ಪರದೆ ಕರೆಂಟ್ ತಿನ್ನುವುದು ಪುಟ ಬದಲಾದಾಗ ಮಾತ್ರ, ಚಾರ್ಜ್ ವಾರಗಟ್ಟಲೆ ಬರುವುದು ಅದಕ್ಕೇ. ಮುಂಬೆಳಕು, ವೈಫೈ ಸದಾ ಆನ್ ಇದ್ದರೆ ಆ ಲೆಕ್ಕ ತಪ್ಪುತ್ತದೆ. ಹಿಂದಿನ ಪುಟದ ನೆರಳು ಉಳಿದರೆ ಸೆಟ್ಟಿಂಗ್‌ನಲ್ಲಿ ಪ್ರತಿ ಪುಟಕ್ಕೂ ಪೂರ್ತಿ ರಿಫ್ರೆಶ್ ಹಾಕಿ. ಬಣ್ಣದ ಇ-ಇಂಕ್ ಆದ ಕ್ಯಾಲೈಡೊ 3 ಪರದೆಯಲ್ಲಿ ಕಪ್ಪು-ಬಿಳುಪು 300 ಪಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕೆ), ಬಣ್ಣಕ್ಕೆ 150 ಅಷ್ಟೇ. ಪರದೆಯ ಮೇಲಿನ ಬಣ್ಣದ ಫಿಲ್ಟರ್‌ನಿಂದ ಹಿನ್ನೆಲೆಯೂ ಮಂಕು. ಕಾದಂಬರಿ ಓದುವವರಿಗೆ ನಾನಂತೂ ಅದನ್ನು ಹೇಳಲಾರೆ. ಬಣ್ಣದ ನಕ್ಷೆ, ವಿಡಿಯೊ, ಬ್ರೌಸಿಂಗ್ ಬೇಕೆಂದರೆ ಟ್ಯಾಬ್ಲೆಟ್ಟೇ ಸರಿ.

ಇನ್ನು ಪೆನ್ನು. ಜನ ಎಡವುವುದು ಇಲ್ಲೇ. ಇಎಂಆರ್ (ವಿದ್ಯುತ್ಕಾಂತೀಯ ಅನುರಣನ) ಪೆನ್ನಿನೊಳಗೆ ಬ್ಯಾಟರಿ ಬೇಕಿಲ್ಲ. ಪರದೆಯ ಅಡಿಯ ತಂತಿಜಾಲವೇ ಅದಕ್ಕೆ ಶಕ್ತಿ ಕೊಡುತ್ತದೆ. ವಾಕಾಮ್ ಕಂಪನಿಯ ಇಎಂಆರ್ ಪೆನ್ನು ಅದೇ ತಂತ್ರಜ್ಞಾನದ ಬೇರೆ ಕಂಪನಿಯ ಸಾಧನದಲ್ಲೂ ಸಾಮಾನ್ಯವಾಗಿ ನಡೆಯುತ್ತದೆ. ಗೆರೆ ಒಂದೇ ಜಾಗದಲ್ಲಿ ಪಕ್ಕಕ್ಕೆ ಸರಿಯುತ್ತಿದ್ದರೆ ಮೊದಲು ಕವರ್ ಬಿಚ್ಚಿ ನೋಡಿ, ಅದರ ಆಯಸ್ಕಾಂತದ ಕಾಟ ಇರಬಹುದು. ಚಾರ್ಜ್ ಬೇಡುವ ಆ್ಯಕ್ಟಿವ್ ಪೆನ್ನುಗಳದ್ದು ಬೇರೆ ಕಥೆ: ಪೆನ್ನು ಪರದೆಯ ಜೊತೆ ಮಾತಾಡುವ ವಿಧಾನದಲ್ಲಿ ಎಂಪಿಪಿ, ಎಇಎಸ್, ಯುಎಸ್‌ಐ ಎಂದು ಪಂಗಡಗಳಿವೆ, ಎರಡಕ್ಕೂ ಹೊಂದುವಂತೆ ಮಾಡಿದ್ದನ್ನು ಬಿಟ್ಟರೆ ಒಂದರ ಪೆನ್ನು ಇನ್ನೊಂದರಲ್ಲಿ ಬರೆಯದು. ಆ್ಯಪಲ್ ಪೆನ್ಸಿಲ್ಲಿಗೆ ಐಪ್ಯಾಡೇ ಬೇಕು, ಅದರಲ್ಲೂ ಮಾದರಿ ಹೊಂದಬೇಕು.

ಅಂಗಡಿಯಲ್ಲಿ ಚಿತ್ರ ಬಿಡಿಸಬೇಡಿ. ಸ್ಕೇಲ್ ಇಟ್ಟು, ಮೂಲೆಯಿಂದ ಮೂಲೆಗೆ ಓರೆಗೆರೆಯನ್ನು ತೀರಾ ನಿಧಾನವಾಗಿ ಎಳೆಯಿರಿ. ಡಿಜಿಟೈಸರ್ (ಪೆನ್ನಿನ ಜಾಗ ಗುರುತಿಸುವ ಪದರ) ಕಳಪೆಯಾದರೆ ಗೆರೆ ಅಲೆಯಲೆಯಾಗಿ ಬರುತ್ತದೆ. ಸೆನ್ಸರ್ ಸಾಲುಗಳ ನಡುವಿನ ಸ್ಥಾನವನ್ನು ಅದು ಅಂದಾಜು ಮಾಡುತ್ತಿರುತ್ತದೆ. ಬೇಗ ಎಳೆದರೆ ಈ ದೋಷ ಅಡಗಿಬಿಡುತ್ತದೆ. ಅಂಗೈ ಪೂರ್ತಿ ಊರಿ ಒಂದು ಪ್ಯಾರಾ ಬರೆದೂ ನೋಡಿ, ಅಂಗೈ ತಾಗಿದ್ದಕ್ಕೆ ಗೆರೆ ಮೂಡಬಾರದು.

ಪೆನ್ ಲ್ಯಾಪ್‌ಟಾಪ್ ಬೇಕಾಗುವುದು ವಿಂಡೋಸ್‌ನ ಪೂರ್ಣ ತಂತ್ರಾಂಶ ಬೇಕಿದ್ದವರಿಗೆ. ಕೀಬೋರ್ಡ್ ಬಿಚ್ಚಿದರೂ ಹಲವು ಮಾದರಿಗಳು ಸುಮಾರು 900 ಗ್ರಾಂ, ಒಂದೇ ಕೈಯಲ್ಲಿ ಹಿಡಿದು ಓದುವ ಮಾತಿಲ್ಲ. ಸ್ಲೀಪ್‌ನಲ್ಲಿ ಬಿಟ್ಟರೆ ಚೀಲದೊಳಗೇ ಎಚ್ಚೆತ್ತು ಬಿಸಿಯಾಗುವುದುಂಟು, ಮುಚ್ಚಿದಾಗ ಹೈಬರ್ನೇಟ್ (ತೆರೆದಿದ್ದನ್ನು ಉಳಿಸಿಕೊಂಡು ಪೂರ್ತಿ ಆಫ್) ಆಗುವಂತೆ ಪವರ್ ಆಯ್ಕೆ ಬದಲಿಸಿಕೊಳ್ಳಿ.